ಯಾರೂ ಒರೆಸಲಾರದ ಬೋರ್ಡು

ಯಹೂದಿ ಶಾಲೆಗಳ ಧರ್ಮಪಾಠವನ್ನು ತೂಗಿ ದರ್ಜೆ ಕೊಡುವ ಮುಖ್ಯ ತಪಾಸಣಾಧಿಕಾರಿಗಳೇ,

ಪ್ರೆಸ್ಟ್‌ವಿಚ್‌ನ ನಮ್ಮ ಪುಟ್ಟ ಶಾಲೆಯಿಂದ ಗಿಟ್ಟೆಲ್ ಪರ್ಲ್‌ಮಟರ್ ಎಂಬ ಶಿಕ್ಷಕಿಯನ್ನು ಮನೆಗೆ ಕಳುಹಿಸಿದ ಕೀರ್ತಿ ತಮಗೆ ಸಲ್ಲಬೇಕು. ಕಳುಹಿಸಿದ್ದು ಶಾಲೆಯವರು, ನಾವಲ್ಲ ಎಂದು ತಾವು ಕೈ ತೊಳೆದುಕೊಳ್ಳಬಹುದು. ತೊಳೆದುಕೊಳ್ಳಿ. ಚೂರಿ ಶಾಲೆಯದಾದರೂ ಅದನ್ನು ಮಸೆದುಕೊಟ್ಟದ್ದು ತಮ್ಮ ವರದಿ. ಈ ಪತ್ರದಿಂದ ಅವರೇನೂ ವಾಪಸ್ ಬರುವುದಿಲ್ಲ. ಅಷ್ಟು ಬುದ್ಧಿ ನನಗೂ ಇದೆ. ಆದರೂ ಬರೆಯುತ್ತಿದ್ದೇನೆ, ಸುಮ್ಮನಿದ್ದರೆ ಸಿಟ್ಟು ತಡೆಯಲಾಗುವುದಿಲ್ಲ.

ಏಳು ವರ್ಷದ ನನ್ನ ಮೊಮ್ಮಗಳು ಟಿರ್ಜಾ ಅವರ ತರಗತಿಯಲ್ಲಿದ್ದಳು. ಗಿಟ್ಟೆಲ್ ಅವರದು ಹಾಡು, ಮಾತು, ಜಗಳದ ಪಾಠ. ನಾಶಮಾಡಲು ಹೊರಟ ಪಾಪಿಗಳ ಊರನ್ನು ಉಳಿಸಿಕೊಡು ಎಂದು ಅಬ್ರಹಾಮ ದೇವರ ಜೊತೆ ಚೌಕಾಸಿಗೆ ಇಳಿದದ್ದು ಸರಿಯೋ ತಪ್ಪೋ ಎಂದು ಕೇಳಿ, ಮಕ್ಕಳನ್ನು ಎರಡು ಪಂಗಡ ಮಾಡಿ, ತಾವು ಕಿಟಕಿಯ ಬಳಿ ಕೈಕಟ್ಟಿ ನಿಂತುಬಿಡುತ್ತಿದ್ದರು. ಆ ಜಗಳ ಶುಕ್ರವಾರ ರಾತ್ರಿ ನಮ್ಮ ಊಟದ ಮೇಜಿಗೂ ಬರುತ್ತಿತ್ತು. ಕೋಳಿ ಸಾರು ಆರಿಹೋಯಿತೆಂದು ನನ್ನ ಹೆಂಡತಿ ಬೈಯುತ್ತಿದ್ದಳು. ನನಗೋ ಸ್ವರ್ಗಕ್ಕೆ ಮೂರೇ ಗೇಣು.

ತಮ್ಮ ಪರಿವೀಕ್ಷಕರು ಒಂದು ಬೆಳಿಗ್ಗೆ ಬಂದು ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮುದುರಿ ಕುಳಿತರು. ದೇವರ ನಾಮವನ್ನು ಪೂರ್ತಿಯಾಗಿ ಬರೆದರೆ ಅದನ್ನು ಅಳಿಸಬಾರದು, ಹರಿಯಬಾರದು, ಬರೆದ ವಸ್ತು ಹಳತಾದರೆ ಸತ್ತವರಿಗೆ ಮಾಡುವ ಹಾಗೆ ಮಣ್ಣು ಮಾಡಬೇಕು ಎಂಬುದು ಅಂದಿನ ಪಾಠ. ಹಾಗಾಗಿಯೇ ಗಿಟ್ಟೆಲ್ ಬೋರ್ಡಿನ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ, ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ತಮ್ಮವರು ಮಕ್ಕಳ ನೋಟ್‌ಬುಕ್ಕುಗಳನ್ನು ಕೇಳಿದರು. ಏನೂ ಇರಲಿಲ್ಲ. ಕೆಲವು ವಾರಗಳಲ್ಲಿ ವರದಿ ಬಂತು: ಕಲಿಕೆಗೆ ಲಿಖಿತ ಪುರಾವೆ ಇಲ್ಲ, ಕಲಿತದ್ದನ್ನು ಮಕ್ಕಳು ಬದುಕಿನಲ್ಲಿ ಅನ್ವಯಿಸುವ ಕುರುಹು ಕಾಣಲಿಲ್ಲ.

ಹತ್ತು ಗಂಟೆಗೆ ಕಲಿತದ್ದನ್ನು ಮಕ್ಕಳು ಹನ್ನೊಂದಕ್ಕೆ ಬದುಕಿನಲ್ಲಿ ಅನ್ವಯಿಸಿ ತೋರಿಸಬೇಕಿತ್ತೇ, ಮಾನ್ಯರೇ? ತಮ್ಮ ಬದುಕಿನಲ್ಲಿ ತಾವು ಅನ್ವಯಿಸಿಕೊಂಡಿರುವ ಪಾಠಗಳ ಪುರಾವೆಯನ್ನು ಯಾವ ಕಡತದಲ್ಲಿ ಇಟ್ಟಿದ್ದೀರಿ? ದರ್ಜೆ ಕುಸಿದರೆ ಪೋಷಕರು ಬೇರೆ ಶಾಲೆಗೆ ಹೋಗುತ್ತಾರೆಂದು ಮುಖ್ಯೋಪಾಧ್ಯಾಯರು ಹೆದರಿದರು. ಈ ಅವಧಿ ಮುಗಿದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಗಿಟ್ಟೆಲ್ ಅವರಿಗೆ ಬಹಳ ಮರ್ಯಾದೆಯಿಂದ ಹೇಳಿದರು. ಹೋರಾಡಿ, ನಾವಿದ್ದೇವೆ ಎಂದು ನಾನು ಗಿಟ್ಟೆಲ್ ಅವರನ್ನು ಗೇಟಿನ ಬಳಿ ತಡೆದು ಹೇಳಿದೆ.

"ಬೇಡ ಮೆನಾಶೆ ಅವ್ರೇ," ಎಂದರು. "ಅವ್ರು ಬರೆದಿದ್ದು ಸುಳ್ಳೇನಲ್ಲ. ನನ್ನ ಹತ್ರ ತೋರ್ಸೋಕೆ ಏನೂ ಇಲ್ಲ."

ಈಗ ಅವರು ಗೇಟ್ಸ್‌ಹೆಡ್‌ನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಫೋನ್ ಮಾಡಿ ಪಾಠದ ಮಾತೆತ್ತಿದರೆ ಹವಾಮಾನದ ಸುದ್ದಿಗೆ ಇಳಿಯುತ್ತಾರೆ.

ಅವರು ಹೋದ ದಿನ ಎಲ್ಲರೂ ಹೊರಗಿದ್ದಾಗ ಟಿರ್ಜಾ ಬೋರ್ಡಿನ ಮೇಲೆ ಹೀಬ್ರೂ ಅಕ್ಷರಗಳಲ್ಲಿ 'ಗಿಟ್ಟೆಲ್ ಟೀಚರ್' ಎಂದು ಬರೆದಳು. ಆಮೇಲೆ ಆ ಹೆಸರಿನ ಸುತ್ತಲೂ, ಅಕ್ಷರಗಳ ನಡುನಡುವೆಯೂ, ಪ್ರಾರ್ಥನಾ ಪುಸ್ತಕದಲ್ಲಿ ದಿನಾ ಕಾಣುವ ದೇವರ ನಾಮವನ್ನು ನಾಲ್ಕಕ್ಷರವೂ ಪೂರ್ತಿ ಬರುವಂತೆ ತುಂಬಿಸಿದಳು. ರಜೆ ಮುಗಿದು ಬಂದ ಹೊಸ ಶಿಕ್ಷಕಿ ಡಸ್ಟರ್ ಎತ್ತಿದವರು ಹಾಗೇ ನಿಂತರು. ಇದನ್ನು ಬರೆದವರು ಯಾರು ಎಂದು ಕೇಳಿದರು.

"ನಾನೇ ಮಿಸ್," ಎಂದು ಇವಳು ಎದ್ದು ನಿಂತಳು. "ಇನ್ನು ಟೀಚರ್ ಹೆಸ್ರು ಯಾರೂ ಒರ್ಸೋಕಾಗಲ್ಲ."

ಮುಖ್ಯೋಪಾಧ್ಯಾಯರು ಬಂದು ನೋಡಿ ತಲೆ ಕೆರೆದುಕೊಂಡು ಹೋದರು. ಏನು ಮಾಡಬೇಕೆಂದು ಧರ್ಮಗುರು ರಬ್ಬಿಯವರನ್ನು ಕೇಳಿ ಕಳುಹಿಸಿದರು. ಉತ್ತರ ಬರುವ ಮೊದಲೇ, ಸುಧಾರಣೆ ಆಗಿದೆಯೇ ಎಂದು ನೋಡಲು ತಮ್ಮ ಅದೇ ಪರಿವೀಕ್ಷಕರು ಎರಡನೇ ಬಾರಿ ಬಂದರು. ಬೋರ್ಡಿನತ್ತ ಚಾಚಿದ ಕೈಯನ್ನು ಅವರೂ ಹಿಂದೆ ತೆಗೆದುಕೊಂಡರಂತೆ. ಮುಟ್ಟಬೇಡಿ ಎಂದು ಹೊಸ ಶಿಕ್ಷಕಿಗೆ ಮೆಲ್ಲಗೆ ಹೇಳಿದರಂತೆ. ಆಗ ನನಗೊಂದು ಚೂರು ಆಸೆ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಎರಡನೇ ವರದಿ ಬಂತು: 'ತರಗತಿಯ ಬೋರ್ಡು ಸದ್ಯ ಬಳಕೆಗೆ ಲಭ್ಯವಿಲ್ಲ. ಉಳಿದಂತೆ ಲಿಖಿತ ಪುರಾವೆಯಲ್ಲಿ ಗಮನಾರ್ಹ ಪ್ರಗತಿ.'

ಶಹಭಾಸ್! ಕಲಿತ ಪಾಠವನ್ನು ಮಗುವೊಂದು ತನ್ನ ಸಂಕಟಕ್ಕೆ ಅನ್ವಯಿಸಿ, ಆಳೆತ್ತರದ ಬೋರ್ಡಿನ ಮೇಲೆ ಬರೆದು ನಿಲ್ಲಿಸಿದೆ. ಅದೂ ಲಿಖಿತವಾಗಿ! ತಮ್ಮ ಕಣ್ಣಿಗೆ ಕಂಡದ್ದು ಬೋರ್ಡಿನ ಅಲಭ್ಯತೆ. ನಾಮಕ್ಕೆ ಅಂಜಿ ತಮ್ಮ ಪರಿವೀಕ್ಷಕರ ಕೈಯೂ ಹಿಂದೆ ಸರಿಯಿತಲ್ಲ, ಆ ಅಂಜಿಕೆಯನ್ನು ಅವರಿಗೆ ಎಳವೆಯಲ್ಲಿ ಕಲಿಸಿದವರು ಯಾರು? ಅವರನ್ನು ಯಾರಾದರೂ ತಪಾಸಣೆ ಮಾಡಿದ್ದರೇ?

ರಬ್ಬಿಯ ತೀರ್ಮಾನ ಬಂದಿದೆ. ಬೋರ್ಡನ್ನು ಗೋಡೆಯಿಂದ ಇಳಿಸಿ, ಹರಿದ ಪ್ರಾರ್ಥನಾ ಪುಸ್ತಕಗಳ ಜೊತೆ ಭಾನುವಾರ ಸ್ಮಶಾನದಲ್ಲಿ ಹೂಳಬೇಕು. ಹೆಣ ಮಣ್ಣು ಮಾಡುವ ಸೇವಾಸಂಘದಲ್ಲಿ ನಾನಿರುವುದರಿಂದ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ತಿಳಿದು ಟಿರ್ಜಾ ನಿನ್ನೆ ನನ್ನ ತೋಳು ಹಿಡಿದು ಕೇಳಿದಳು.

"ತಾತ, ದೇವರ ಹೆಸ್ರನ್ನ ಹೂತ್ರೆ ಟೀಚರ್ ಹೆಸ್ರೂ ಒಳಗೇ ಹೋಗುತ್ತಾ?"

ಗಿಟ್ಟೆಲ್ ಅವರನ್ನು ಮರಳಿ ಕರೆಸಿ ಎಂದು ನಾನು ಕೇಳುವುದಿಲ್ಲ. ಅದು ತಮ್ಮಿಂದಾಗದು, ಅವರೂ ಬಾರರು. ಕಲಿತದ್ದನ್ನು ಮಕ್ಕಳು ಅನ್ವಯಿಸುವ ಕುರುಹು ಕಾಣಲಿಲ್ಲ ಎಂಬ ಆ ಒಂದು ಸಾಲನ್ನು ಮೊದಲ ವರದಿಯಿಂದ ತೆಗೆಯಿರಿ. ಅದಕ್ಕೂ ನಿಯಮ ಅಡ್ಡ ಬಂದರೆ, ಭಾನುವಾರ ಸ್ಮಶಾನಕ್ಕೆ ಬನ್ನಿ. ಗುಂಡಿಯ ಪಕ್ಕದಲ್ಲಿ ಆ ಮಗು ನನ್ನ ಕೈ ಹಿಡಿದು ನಿಂತಿರುತ್ತದೆ. ಅದು ಕೇಳಿದ್ದಕ್ಕೆ ಉತ್ತರವನ್ನು ತಾವೇ ಹೇಳಿ.

ಇಂತಿ,
ತಾವು ಬರುವುದಿಲ್ಲವೆಂದು ಬಲ್ಲ,
ಸನಿಕೆ ಹಿಡಿಯಲೇಬೇಕಾದ,
ಮೆನಾಶೆ ಬ್ರೌಡ್
(ಟಿರ್ಜಾಳ ತಾತ)