ನೆಲಕ್ಕೆ ಕೂತ ಜೀಪು

ಅಣ್ಣಾ,

ನೀನು ಕಳಿಸಿದ ಹೊಸ ಕಂಪ್ರೆಸರ್ ನನ್ನ ಗ್ಯಾರೇಜಿಗೆ ಬಂದು ತಲುಪಿತು. ಹಾಕಿಲ್ಲ, ವಾಪಸ್ ಕಳಿಸ್ತೀನಿ. ನಿನ್ನ ಹಳೇ ಜೀಪಿನ ರೋಗ ಅದಲ್ಲ. ಚಕ್ರಗಳ ಮೇಲೆ ಗಾಡೀನ ಎತ್ತಿ ಹಿಡಿಯೋ ರಬ್ಬರ್ ಗಾಳಿಚೀಲಗಳಿಗೆ ಸೋಪುನೀರು ಹಾಕಿ ನೋಡಿದೆ. ನಾಲ್ಕರಲ್ಲೂ ಗುಳ್ಳೆ ಬಂತು. ಸೋರಿಹೋಗೋ ಗಾಳೀನ ಮತ್ತೆ ಮತ್ತೆ ತುಂಬಿ ಕಂಪ್ರೆಸರ್ ಕಾದು ನಿಂತುಹೋಗ್ತಿತ್ತು, ಅಷ್ಟೇ. ಪಾಪ, ಅದರ ತಪ್ಪೇನಿಲ್ಲ. ಹೊಸದು ಹಾಕಿದ್ರೆ ಅದೂ ಸುಟ್ಟುಹೋಗ್ತಿತ್ತು.

ಹೊಸ ಚೀಲಗಳನ್ನ ತರಿಸಿಟ್ಟಿದ್ದೀನಿ, ಆದ್ರೆ ಇನ್ನೂ ಹಾಕಿಲ್ಲ. ಯಾಕೆ ಅಂತ ಕೇಳು. ಕಂಪ್ರೆಸರ್ ಸುಮ್ಮಸುಮ್ಮನೆ ಓಡೋದು ಬೇಡ ಅಂತ ಅದರ ಫ್ಯೂಸ್ ಕಿತ್ತಿಟ್ಟಿದ್ದೆ. ಬೆಳಗ್ಗೆ ಬಂದು ನೋಡಿದ್ರೆ ಗಾಳಿಯೆಲ್ಲಾ ಸೋರಿ ಗಾಡಿ ಪೂರ್ತಿ ನೆಲಕ್ಕೆ ಕೂತಿತ್ತು, ಗಾಡಿಯೊಳಗೆ ಅಪ್ಪ ಕೂತಿದ್ರು. ಸೊಂಟ ಮುರಿದಾಗಿಂದ ಯಾರಾದ್ರೂ ಎತ್ತಿ ಹತ್ತಿಸಬೇಕಲ್ಲ ಅನ್ನೋ ಸಿಟ್ಟಿಗೆ ಜೀಪಿನ ಹತ್ತಿರಾನೂ ಸುಳಿಯದಿದ್ದವರು, ಒಬ್ಬರೇ ಹತ್ತಿ ಸ್ಟೇರಿಂಗ್ ಹಿಡಿದಿದ್ರು.

"ಈಗ ನೋಡು, ಗಾಡಿ ಸರಿಹೋಯ್ತು," ಅಂದ್ರು.

ನಾನು ಹೂಂ ಅಂದೆ. ಆವತ್ತಿಂದ ದಿನಾ ಅಲ್ಲೇ ಕೂರ್ತಾರೆ. ಪೇಪರ್, ಕನ್ನಡಕ, ಟೀ ಎಲ್ಲಾ ಅಲ್ಲಿಗೇ ಹೋಗಬೇಕು. ನನ್ನ ಗಿರಾಕಿಗಳಿಗೆ ಹಾರ್ನ್ ಹೊಡೆದು ದಾರಿ ಬಿಡಿ ಅಂತಾರೆ.

ಜೀಪು ಕೊಳ್ಳೋರು ಸಿಕ್ಕಿದ್ದಾರೆ, ಬೇಗ ಮುಗಿಸು ಅಂತ ಬರೆದಿದ್ದೀಯ. ಆಗಲಿ. ಚೀಲ ಹಾಕಿ ಗಾಡಿ ಎತ್ತರಿಸೋದು ನನಗೆ ಅರ್ಧ ದಿನದ ಕೆಲಸ. ಅದಕ್ಕೆ ಮುಂಚೆ ಅಪ್ಪನ್ನ ಅದರಿಂದ ಕೆಳಗಿಳಿಸಬೇಕು.

ಆ ಕೆಲಸ ನನ್ನ ಕೈಲಾಗಲ್ಲ. ನೀನೇ ಬಾ.

ಇಂತಿ,
ನಿನ್ನ ತಂಗಿ