ಸಾಹೇಬರ ಕುರ್ಚಿ

ಪದ್ಮಾ,

ನೀನು ತೀರಿಕೊಂಡ ಮೇಲೆ ನನ್ನನ್ನು ಬೈಯೋರೇ ಇಲ್ಲ. ಇವತ್ತು ಬೈಸಿಕೊಳ್ಳಬೇಕಿತ್ತು.

ಸ್ಕೂಟರ್ ಕಳುವಾಯ್ತೆಂದು ಪೊಲೀಸ್ ಠಾಣೆಗೆ ಹೋದೆ. ಮಣಿಪುರದ ಕಡೆಯ ಹುಡುಗಿಯೊಬ್ಬಳು ಮನೆ ಮಾಲೀಕನ ಕಾಟವನ್ನು ಜೋರಾಗಿ ಹೇಳುತ್ತಿದ್ದಳು. ಕುರ್ಚಿಯಲ್ಲಿ ಕೂತು ಕೇಳುತ್ತಿದ್ದವಳದೂ ಅದೇ ಕಡೆಯ ಮುಖ. ನನಗೆ ಮುಖ ಕಂಡಿತು, ಮೈಮೇಲಿನ ಖಾಕಿ ಕಾಣಲಿಲ್ಲ. "ನಿಮ್ಮ ಹರಟೆ ಸಾಕು, ಸಾಹೇಬರೆಲ್ಲಿ?" ಅಂದೆ.

"ನಾನೇ, ಅಂಕಲ್. ಇವಳದು ಮುಗೀಲಿ, ಕೂತ್ಕೊಳ್ಳಿ."

ಈ ಉತ್ತರದ ಊರಿಗೆ ಬಂದಾಗಿನಿಂದ ನಮ್ಮನ್ನು ಮದ್ರಾಸಿ ಅಂದವರ ಜತೆಗೆಲ್ಲ ಜಗಳ ಕಾದವನು ನಾನು! ಇಲ್ಲಿನ ರೇಷನ್ ಆಫೀಸಿಗೆ ನಮ್ಮ ಧಾರವಾಡದ ಸಾಹೇಬರು ಬಂದಾಗ ನೀನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. "ಕನ್ನಡದಲ್ಲೇ ಕೂತ್ಕೊಳ್ಳಿ ತಾಯಿ ಅಂದ್ರು ಕಣ್ರೀ" ಅಂತ ವಾರವೆಲ್ಲ ಅದೇ ಮಾತು ನಿಂದು.

ನಾನು ಕೂತೆ. ಹುಡುಗಿ ಮಾತು ಮುಂದುವರಿಸಿದಳು, ಆದರೆ ಆಗಾಗ ನನ್ನ ಕಡೆ ನೋಡುತ್ತಾ, ದನಿ ತಗ್ಗಿಸಿ.