ಹಳದಿ ಬಿಟ್ಟ ಲೆನ್ಸ್

ಮಾರ್ಚ್ 4, ಬೆಳಿಗ್ಗೆ 8
ಮತ್ತೆ ಹಾಲು ಉಕ್ಕಿಸಿದೆ. ಇವರು ನಗುತ್ತಾ ಒಲೆ ಒರೆಸಿಕೊಟ್ಟರು. ಮದುವೆಯಾಗಿ ನಲವತ್ತೊಂದು ದಿನ. ನಾನು ಎಷ್ಟು ಲಕ್ಕಿ, ಎಷ್ಟು ಲಕ್ಕಿ!

ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಮನೆ. ಮಾವನ ಕೋಣೆಯಲ್ಲಿ ಬೀರು ತುಂಬ ಹಳೆಯ ಲೆನ್ಸ್‌ಗಳು. ಇವರಿಗೆ ಅವನ್ನು ಗುಜರಿಗೆ ಹಾಕುವ ಆತುರ.

"ಅಪ್ಪಾ, ಇವುಗಳ ಕಾಲ ಮುಗೀತು."

ಮಾವ ಪೇಪರ್‌ನಿಂದ ತಲೆ ಎತ್ತಲಿಲ್ಲ. "ನಂದೂ ಮುಗೀತು. ಅದೇ ಗಾಡಿಗೆ ನನ್ನನ್ನೂ ಹಾಕ್ಬಿಡು."

ನಡುವೆ ಬಾಯಿ ಹಾಕಿದೆ. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸುವ ಅಡಾಪ್ಟರ್ ರಿಂಗ್ ಸಿಗುತ್ತದೆ — ವಿಡಿಯೋ ನೋಡಿದ್ದೆ. ಆರ್ಡರ್ ಮಾಡಿಬಿಟ್ಟೆ. ಬರಲು ಎರಡು ತಿಂಗಳಂತೆ.

"ಸದ್ಯ, ಈ ಮನೇಲಿ ಓದಿದವರು ಒಬ್ಬರಾದ್ರೂ ಇದ್ದಾರೆ," ಅಂದರು ಮಾವ.

ಮಾರ್ಚ್ 6
ಮಾವನ ಫೇವರಿಟ್ ಲೆನ್ಸ್ ಟೀ ಬಣ್ಣಕ್ಕೆ ತಿರುಗಿದೆ. ಆ ಗಾಜಿನ ಗುಣವೇ ಹಾಗಂತೆ. ಬಿಸಿಲು ಕುಡಿಸಿದರೆ ಹಳದಿ ಬಿಡುತ್ತದಂತೆ. ತಮ್ಮ ಕೋಣೆಯ ಕಿಟಕಿಯಲ್ಲಿ ಮಲಗಿಸಿ, ಹಿಂಭಾಗಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿದರು.

"ಈ ಹಾಳೆ ಮಾತ್ರ ತೆಗೀಬೇಡಮ್ಮ. ಬೆಳಕು ಆಚೆ ದಾಟಿದ್ರೆ ಸುಡುತ್ತೆ, ಭೂತಗನ್ನಡಿ ಥರ."

ತೀರಿಹೋದ ಅತ್ತೆಯ ಮೊದಲ ಫೋಟೋ ಇದರಲ್ಲೇ ತೆಗೆದದ್ದಂತೆ. "ಸರಿಹೋದ್ರೆ ಮೊದಲ ಫೋಟೋ ನಿಂದು." ಯಾವ ಸೀರೆ ಉಡಲಿ...

ಮಾರ್ಚ್ 17, ಮಧ್ಯಾಹ್ನ 1
ಹಳದಿ ಹೆಚ್ಚುಕಮ್ಮಿ ಪೂರ್ತಿ ಹೋಗಿದೆ! ಇವರಿಗೆ ತೋರಿಸಲು ನಮ್ಮ ಕೋಣೆಗೆ ತಂದು, ಹಾಳೆ ಬಿಚ್ಚಿ ಮೊಬೈಲ್‌ನಲ್ಲಿ ಫೋಟೋ ತೆಗೆದು, ಮತ್ತೆ ಕಿಟಕಿಯಲ್ಲಿಟ್ಟೆ. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲೇ ನಿದ್ದೆ, ಮಗುವಿನ ಹಾಗೆ. ಕೆಳಗೆ ಹಾರ್ನ್. ಸಿನಿಮಾಕ್ಕೆ ಹೊತ್ತಾಯಿತು. ಬಂದೆ, ಬಂದೆ...

ಮಾರ್ಚ್ 25, ಆಸ್ಪತ್ರೆ
ಅವತ್ತು ಮೊದಲು ಹೊತ್ತಿಕೊಂಡದ್ದು ಕಿಟಕಿ ಪಕ್ಕದ ನೆಗೆಟಿವ್ ಕವರ್‌ಗಳು. ಆಮೇಲೆ ಪರದೆ. ಆಮೇಲೆ ಕುರ್ಚಿ. ಮಾವನ ಎದೆ, ಎರಡೂ ಕೈ. ಲೆನ್ಸ್ ಅವರ ಮುಷ್ಟಿಯಲ್ಲೇ ಇತ್ತು. ನರ್ಸ್ ಒಂದೊಂದೇ ಬೆರಳು ಬಿಡಿಸಿದರಂತೆ.

ಹಾಳೆ ನನ್ನ ಮಂಚದ ಮೇಲಿತ್ತು. ನಾನೇ ಎಸೆದು ಹೋದದ್ದು. ಯಾರೂ ನೋಡುವ ಮೊದಲು ಬಚ್ಚಿಟ್ಟೆ.

ಇವರು ಇವತ್ತು ಕೇಳಿಯೇಬಿಟ್ಟರು. "ಹಾಳೆ ಯಾರು ತೆಗೆದಿದ್ದು?"

ಮಾವ ನನ್ನನ್ನೇ ನೋಡಿದರು. "ನಾನೇ ಕಣೋ. ಮತ್ತೆ ಹಾಕೋದು ಮರೆತೆ."

"ಅರಳು ಮರಳು ನಿಮಗೆ. ಎಸೀರಿ ಅಂತ ಎಷ್ಟು ಸಲ ಬಡ್ಕೊಂಡೆ."

ನಾನು ಮಾವನ ಹೊದಿಕೆ ಸರಿಮಾಡಿದೆ.

ಮಾರ್ಚ್ 26
ಮಾವ ಹೋದರು. ಬೆಳಿಗ್ಗೆ ಒಂಬತ್ತಕ್ಕೆ. ಇವತ್ತು ಹೇಳಬೇಕೆಂದಿದ್ದೆ.

ಮೇ 11
ರಿಂಗ್ ಬಂತು. ಇವರು ಮಸಿ ಒರೆಸಿ ಲೆನ್ಸ್ ಕೂರಿಸಿದರು. ಸಲೀಸಾಗಿ ಕೂತಿತು. ಹಳದಿ ಇಲ್ಲವೇ ಇಲ್ಲ.

"ಅಪ್ಪ ಹೇಳಿದ್ದೇ ಸರಿ. ಇನ್ನೂ ಐವತ್ತು ವರ್ಷ ಆಯಸ್ಸಿದೆ ಇದಕ್ಕೆ." ಲೆನ್ಸಿನ ಫೋಕಸ್ ತಿರುಗಿಸುತ್ತಾ, "ಅರಳು ಮರಳು ಅಂದೆ ಕಣೇ. ನಾನು ಆಡಿದ ಕೊನೇ ಮಾತು ಅದೇ ಆಯ್ತು."

"ನಿಮಗೊಂದು ವಿಷಯ ಹೇಳ್ಬೇಕು," ಅಂದೆ.

"ಮೊದಲು ನಗು. ಆಮೇಲೆ ಹೇಳು."

ನಕ್ಕೆ.

ಫೋಟೋ ತುಂಬಾ ಚೆನ್ನಾಗಿ ಬಂದಿದೆ. ಕೆಳಗಿನಿಂದ ಕರೆಯುತ್ತಿದ್ದಾರೆ — ಏನೋ ಹೇಳ್ತೀನಿ ಅಂದ್ಯಲ್ಲ, ಏನದು? ಬಚ್ಚಿಟ್ಟ ಹಾಳೆ ಈಗ ಕೈಯಲ್ಲಿದೆ. ಹೋಗಿ ತೋರಿಸಿಬಿಡುತ್ತೇನೆ.